ಆರು ತೂತಿನ ರಿಮ್ಮು

ಗ್ಯಾರೇಜಿನಲ್ಲಿ ಅವನಿಗೆ ಹೆಸರಿರಲಿಲ್ಲ. ಮಾಲೀಕನ ಹೆಂಡತಿಯ ತಮ್ಮ, ಹಾಗಾಗಿ ಭಾಮೈದ. ಮಾಲೀಕ ಹಾಗೆ ಕರೆದರೆ ಸರಿ. ಗಿರಾಕಿಗಳೂ, ಹಳೇ ಕಬ್ಬಿಣ ಹೊರಲು ಬರುವವನೂ ಹಾಗೇ ಕರೆಯುತ್ತಿದ್ದರು. ಊರಿಗೆಲ್ಲ ಭಾಮೈದನಾಗಿ ಅವನಿಗೆ ಸಾಕಾಗಿತ್ತು. ಈಗ ಬಂದರಿನ ಕ್ರೇನ್ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತ್ತು. ಮಂಗಳವಾರ ಹಾಜರಾಗದಿದ್ದರೆ ಬೇರೆಯವನನ್ನು ಇಟ್ಟುಕೊಳ್ಳುತ್ತೇವೆ ಎಂದು ಅಲ್ಲಿನ ಮೇಸ್ತ್ರಿ ಖಡಾಖಂಡಿತವಾಗಿ ಹೇಳಿದ್ದ. ಸೋಮವಾರ ಬಸ್ಸು ಹತ್ತಲೇಬೇಕು.

ವಿಷಯ ಹೇಳಿದಾಗ ಭಾವ ಕೂಗಾಡಲಿಲ್ಲ. ಮೂಗಿನಲ್ಲೇ ಹೂಂ ಎಂದು ಹೊರಗೆ ಹೋದ. ಶನಿವಾರ ಬೆಳಿಗ್ಗೆ ನೋಡಿದರೆ ಅಂಗಳದಲ್ಲಿ ಮೂರು ಸೆಟ್ಟು ಟೈರು, ರಿಮ್ಮು ಸಮೇತ.

"ನಿನ್ನ ಬಗ್ಗಿಗೆ. ಆರಿಸ್ಕೋ," ಎಂದ ಭಾವ. "ಟೈರು ಟೈರು ಅಂತ ನನ್ನ ತಲೆ ತಿಂತಿದ್ದೆಯಲ್ಲ."

ಬಗ್ಗಿ ಎಂದರೆ ಶೆಡ್ಡಿನ ಹಿಂದೆ ಇಟ್ಟಿಗೆಗಳ ಮೇಲೆ ಕೂತಿದ್ದ ಕಬ್ಬಿಣದ ಕೊಳವೆಗಳ ಪಂಜರ. ಕಲ್ಲುಗುಡ್ಡ ಹತ್ತಿಸಬೇಕೆಂದು ಬಿಡುವಿನಲ್ಲಿ ಅವನೇ ವೆಲ್ಡಿಂಗ್ ಮಾಡಿ ಕಟ್ಟಿದ್ದು. ಎಂಜಿನ್ ಕೂತಿತ್ತು, ಸ್ಟೀರಿಂಗ್ ತಿರುಗುತ್ತಿತ್ತು. ಟೈರು ಕೇಳಿದಾಗಲೆಲ್ಲ ಭಾವ, "ಗಿರಾಕಿ ಗಾಡಿ ಮುಗೀಲಿ ತಡಿ" ಎನ್ನುತ್ತಿದ್ದ. ಗಿರಾಕಿ ಗಾಡಿ ಯಾವತ್ತೂ ಮುಗಿಯುತ್ತಿರಲಿಲ್ಲ.

ಮೊದಲನೆಯ ಸೆಟ್ಟು ಕಾರಿನದು. ಬೋಲ್ಟಿಗೆ ಐದು ತೂತಿನ ರಿಮ್ಮು; ಬಗ್ಗಿಯ ಚಕ್ರ ಬಿಗಿಯುವ ಹಬ್‌ಗೆ ಹಾಗೇ ಕೂರುತ್ತದೆ. ಎರಡನೆಯದು ಮಿನಿ ಟ್ರಕ್ಕಿನದು, ಕಲ್ಲುಮಣ್ಣು ಹಿಡಿಯುವ ದಪ್ಪ ಬಟನ್ನುಗಳ ಟೈರು, ಆರು ತೂತಿನ ರಿಮ್ಮು. ಮೂರನೆಯದು ದೊಡ್ಡ ಲಾರಿಯದು, ಅವನ ಎದೆಯೆತ್ತರ.

"ಇದನ್ಯಾಕೆ ತಂದ್ರಿ ಭಾವ? ಮೂಗಿಗಿಂತ ಮೂಗುತಿ ಭಾರ."

"ಇರ್ಲಿ ಅಂತ. ನಾಳೆ ನೀನು, ನಂಗೆ ತೋರಿಸ್ಲೇ ಇಲ್ಲ ಅನ್ಬಾರ್ದು ನೋಡು."

ಅವನ ಕಣ್ಣು ನಡುವಿನ ಸೆಟ್ಟನ್ನು ಬಿಟ್ಟು ಕದಲಲಿಲ್ಲ. ಕಲ್ಲಿಗೆ ಅದೇ ಸರಿ. ಆದರೆ ಆರು ತೂತಿನ ರಿಮ್ಮು ಹಾಕಬೇಕಾದರೆ ಹಬ್ ಬದಲಿಸಬೇಕು. ಹಬ್ ಬದಲಿಸಿದರೆ ಆಕ್ಸಲ್ಲೂ ಹೋಯಿತು. ಅಷ್ಟೆತ್ತರದ ಟೈರನ್ನು ಆ ಪುಟ್ಟ ಎಂಜಿನ್ ಎಳೆಯಬೇಕಾದರೆ ಗೇರಿನ ಲೆಕ್ಕವೇ ಬೇರೆ. ತಿರುವಿನಲ್ಲಿ ಟೈರು ಕೊಳವೆಗೆ ಉಜ್ಜುತ್ತದೆ, ಮುಂಭಾಗ ಕತ್ತರಿಸಿ ಮತ್ತೆ ಕಟ್ಟಬೇಕು. ವರ್ಷ ಕಳೆದರೂ ಮುಗಿಯುವ ಕೆಲಸವಲ್ಲ. ಭಾವನಿಗೂ ಇದು ಗೊತ್ತು. ಗೊತ್ತಿದ್ದೇ ತಂದಿದ್ದ.

ಅಕ್ಕ ಚಹಾ ತಂದಳು. ಭಾವ ಫೋನು ಹಿಡಿದು ಆಚೆ ಹೋಗುವುದನ್ನೇ ಕಾದು ಹೇಳಿದಳು:

"ಇವ್ರು ಬೈದಿದ್ರೆ ನೀನು ಹೋಗೇ ಹೋಗ್ತಿದ್ದೆ. ಅದಕ್ಕೇ ಬೈಲಿಲ್ಲ."

"ಕಾರಿಂದೇ ಹಾಕ್ತೀನಕ್ಕ. ನಾಳೆಗೆ ಮುಗಿಯತ್ತೆ."

"ಹಾಕು. ಹಾಕ್ದೆ ಇದ್ರೂ ಹೋಗು. ನಮ್ಮಿಬ್ರ ಪ್ರತಿ ಜಗಳಕ್ಕೂ ನೀನೇ ಒಗ್ಗರಣೆ ಆಗಿದೀಯ. ನನ್ನ ಮುಖ ನೋಡಿ ಉಳ್ಕೊಂಡೀಯ, ಜೋಕೆ."

ಅವನು ಕಾರಿನ ಟೈರನ್ನೇ ಹಾಕಿದ. ಭಾನುವಾರ ಮಧ್ಯಾಹ್ನ ಬಗ್ಗಿ ಮೊದಲ ಸಲ ನೆಲದ ಮೇಲೆ ಉರುಳಿತು. ಅಂಗಳ ದಾಟಿತು, ರಸ್ತೆ ದಾಟಿತು. ಗುಡ್ಡದ ಬುಡದ ಮೊದಲ ಕಲ್ಲಿಗೇ ಹೊಟ್ಟೆ ಕೊಟ್ಟು ನಿಂತುಬಿಟ್ಟಿತು. ನಾಲ್ಕು ಚಕ್ರವೂ ಗಿರ್ರನೆ ತಿರುಗಿದವು, ಗಾಡಿ ಮಾತ್ರ ಅಂಗಾತ ಬಿದ್ದ ಆಮೆಯ ಹಾಗೆ ಅಲ್ಲೇ. ಅವನೂ ಭಾವನೂ ತಳ್ಳಿ ಅಂಗಳಕ್ಕೆ ವಾಪಸು ತಂದರು.

"ಓಡ್ತಲ್ಲ, ಸಾಕು ಬಿಡು," ಎಂದ ಭಾವ. "ಓಣಿ ಮಕ್ಳನ್ನ ಕೂರಿಸ್ಕೊಂಡು ಒಂದು ರೌಂಡ್ ಹೊಡೆಯೋಕೆ ಆಗತ್ತೆ. ನಾಳೆ ಬಸ್ಸು ಎಷ್ಟೊತ್ತಿಗೆ? ನಾನೇ ಬಿಟ್ಟು ಬರ್ತೀನಿ."

ಇದು ಇಲಿ ಹಿಡಿಯುವ ಬೋನು ಎಂದು ಅವನಿಗೆ ಗೊತ್ತಿತ್ತು. ಒಳಗಿನ ಕೊಬ್ಬರಿಯ ವಾಸನೆಯೂ ಬರುತ್ತಿತ್ತು. ಓಣಿ ಮಕ್ಕಳನ್ನು ಕೂರಿಸುವ ಗಾಡಿ! ಒಂದು ಹಬ್ ಬಿಚ್ಚಿ ನೋಡೋಣ, ಟ್ರಕ್ಕಿನದು ಕೂರುತ್ತದೋ ಇಲ್ಲವೋ ಅಂತ ನೋಡಿ ಹಾಗೇ ಮುಚ್ಚಿಬಿಡೋಣ ಎಂದುಕೊಂಡ. ಹಾಗೆ ನೋಡಿ ಮುಚ್ಚಿದವನನ್ನು ಅವನು ಇಡೀ ಜನ್ಮದಲ್ಲಿ ಕಂಡಿರಲಿಲ್ಲ. ಆದರೂ ಜಾಕ್ ಎತ್ತಿ, ಗೋಣಿಚೀಲ ಹಾಸಿ ಬಗ್ಗಿಯ ಅಡಿಗೆ ತೂರಿದ.

"ಏಯ್, ಬಟ್ಟೆ ಇಸ್ತ್ರಿ ಆಗಿದೆ, ಬಂದು ಬ್ಯಾಗಿಗೆ ತುಂಬ್ಕೋ!" ಅಡುಗೆಮನೆ ಕಿಟಕಿಯಿಂದ ಅಕ್ಕ ಕೂಗಿದಳು.

"ಬಂದೆ ಅಕ್ಕ, ಒಂದ್ನಿಮಿಷ."

ಅವಳು ಗಾಡಿಯ ಅಡಿಯಿಂದ ಹೊರಕ್ಕೆ ಚಾಚಿದ್ದ ತಮ್ಮನ ಎರಡು ಕಾಲುಗಳನ್ನು ಸ್ವಲ್ಪ ಹೊತ್ತು ನೋಡಿ, ಕಿಟಕಿಯ ಬಾಗಿಲು ಎಳೆದುಕೊಂಡಳು.

ಭಾವ ಪಂಚೆ ಎತ್ತಿಕಟ್ಟಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಇವನ ಕೆಲಸಕ್ಕೆ ಭಾವ ಹೀಗೆ ಕೂತದ್ದು ಇದೇ ಮೊದಲು.

"ಯಾವ ಪಾನ ಕೊಡ್ಲಪ್ಪ?" ಎಂದ, ಸ್ಪ್ಯಾನರುಗಳ ಡಬ್ಬಿ ಎಳೆದುಕೊಂಡು, ಮಗುವನ್ನು ಮಾತಾಡಿಸುವ ಹಾಗೆ.

ಆಗಲಾದರೂ ಅವನು ಹೊರಗೆ ಬರಬಹುದಿತ್ತು.

"ಹತ್ತೊಂಬತ್ತನೇ ನಂಬರು," ಎಂದು ಕೈ ಚಾಚಿದ.