ವಜೀರನ ಶುಕ್ರವಾರ

ಕೊನೆಯ ಪದವೊಂದು ಸಿಗುತ್ತಿರಲಿಲ್ಲ. ಎಲ್ಲ ಸಾಲುಗಳೂ ಒಂದೇ ಪ್ರಾಸದಲ್ಲಿ ಮುಗಿಯಬೇಕು. ಇದೊಂದನ್ನು ಬಿಟ್ಟು ಉಳಿದವೆಲ್ಲ ಮುಗಿದಿದ್ದವು. ತಾನು ಯಾರಿಗೂ ಅಂಜುವವನಲ್ಲ ಎಂದು ಸಾರುವ ಪದ್ಯ. ಶೆಫತ್ಯ ಲೇಖನಿಯನ್ನು ಮಸಿಯಲ್ಲಿ ಅದ್ದಿದ, ಬರೆಯದೆ ಒಣಗಲು ಬಿಟ್ಟ.

ಅಂಗಳದಲ್ಲಿ ಕುದುರೆಗಳು ಜೀನು ಹೊತ್ತು ನಿಂತಿದ್ದವು. ಹೆಂಡತಿ ಜಮೀಲಾ ಹೇಳಿ ನಿಲ್ಲಿಸಿದ್ದಳು.

ಬೆಳಿಗ್ಗೆ ಗ್ರಾನಾಡದ ಅರಮನೆಯಲ್ಲಿ ವಿಶೇಷವೇನೂ ನಡೆದಿರಲಿಲ್ಲ. ತನ್ನ ತಂದೆಯ ಕಾಲದಿಂದಲೂ ವಜೀರನಾಗಿರುವ ಯಹೂದಿ ಶೆಫತ್ಯನ ಸಲಹೆಗೆ ಎಳೆಯ ಅರಸ ನಗುನಗುತ್ತಲೇ ತಲೆದೂಗಿದ್ದ. ಆದರೆ ಶೆಫತ್ಯ ದಿನವೂ ಕೂರುವ ದಿಂಬಿನ ಮೇಲೆ ಬೆಕ್ಕೊಂದು ಮಲಗಿತ್ತು. ಯಾರೂ ಅದನ್ನು ಎಬ್ಬಿಸಲಿಲ್ಲ. ಅವನು ನಿಂತೇ ಮಾತು ಮುಗಿಸಿದ. ಬೆಕ್ಕಿನ ಮೇಲೊಂದು ಚುಟುಕ ಕಟ್ಟಿ ಎಲ್ಲರನ್ನೂ ನಗಿಸಿದ. ನಗಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಮಧ್ಯಾಹ್ನ ಇದ್ದೀರ್ ಬಂದಿದ್ದ. ವಜೀರನ ದಂಡಯಾತ್ರೆಗಳಲ್ಲಿ ಜೊತೆಗೆ ಕಾದಿದ, ಬರ್ಬರ್ ಬುಡಕಟ್ಟಿನ ಮುದಿ ಸೈನಿಕ. ಕೂರಲೂ ಇಲ್ಲ.

"ಸ್ವಾಮಿ, ಕೆಳಪೇಟೇಲಿ ಜನ ಸೇರ್ತಾವ್ರೆ. ನೀವು ಕೋಟೆನ ಶತ್ರುಗೆ ಮಾರ್ಕೊಂಡ್ರಂತೆ. ಪದ್ಯ ಕಟ್ಟಿ ಹಾಡ್ತಾವ್ರೆ."

"ಪದ್ಯವೇ? ಛಂದಸ್ಸು ಸರಿ ಇದೆಯೋ?"

"ಅದೆಲ್ಲ ನಂಗೇನ್ ಗೊತ್ತು? ತಲೆ ತೆಗೀಬೇಕು ಅಂತೈತೆ. ಅದು ಮಾತ್ರ ಸರಿಯಾಗೇ ಕೇಳಿಸ್ತು."

"ಯಾರು ಬರೆದದ್ದು?"

"ಅಯ್ಯೋ ನಿಮ್ಮ! ಹೊತ್ತು ಮುಳುಗೋದ್ರೊಳಗೆ ಊರು ಬಿಡಿ. ಬಡಗಣ ಬಾಗಿಲಲ್ಲಿ ಇವತ್ತು ನನ್ನವರೇ ಕಾವಲು. ನಾಳೆ ಯಾರಿರ್ತಾರೋ."

"ಹೊರಡ್ತೀನಿ. ಈ ಸಾಲೊಂದು ಮುಗೀಲಿ."

ತನ್ನ ಯುದ್ಧಗಳನ್ನೆಲ್ಲ ಅವನು ಹೀಬ್ರೂವಿನಲ್ಲಿ ಹಾಡಿದ್ದ. ಜೊತೆಗೆ ಕಾದಿದವರಿಗೆ ಆ ಭಾಷೆ ಬಾರದು; ಭಾಷೆ ಬಲ್ಲ ತನ್ನವರು ಯುದ್ಧ ಕಂಡವರಲ್ಲ. ಯಾರಿಗಾಗಿ ಬರೆಯುತ್ತಿದ್ದೇನೆ ಎಂದು ಅನ್ನಿಸಿದಾಗಲೆಲ್ಲ ಭಯವಾಗಿ ಇನ್ನೊಂದು ಸಾಲು ಬರೆದುಬಿಡುತ್ತಿದ್ದ.

"ರೀ, ಹೊತ್ತು ಇಳೀತಾ ಇದೆ." ಜಮೀಲಾ ಬಾಗಿಲಲ್ಲಿ ನಿಂತಿದ್ದಳು.

"ಒಂದೇ ಒಂದು ಪದ."

"ಅದು ದಾರೀಲಿ ಸಿಗಲ್ವಾ? ಕುದುರೆ ಮೇಲೆ ಕೂತು ಎಷ್ಟು ಬರೆದಿಲ್ಲ ನೀವು!"

"ಆಗ ಗೆದ್ದು ಬರ್ತಿದ್ದೆ."

ಅವಳು ಹೊರಟುಹೋದಳು. ಅವನು ಮತ್ತೆ ಹಾಳೆಯ ಮೇಲೆ ಬಾಗಿದ. ತಲೆಯೆತ್ತಿದಾಗ ಅಕ್ಷರಗಳು ಮಸುಕಾಗಿದ್ದವು. ಕಿಟಕಿಯ ಗೂಡಿನಲ್ಲಿ ಎಣ್ಣೆದೀಪ ಉರಿಯುತ್ತಿತ್ತು. ಯಹೂದಿಗಳ ವಾರದ ಪವಿತ್ರ ವಿಶ್ರಾಂತಿಯ ದಿನ, ಸಬ್ಬತ್, ಹೊಕ್ಕಿತ್ತು. ಇನ್ನು ನಾಳೆ ಕತ್ತಲಾಗುವವರೆಗೆ ಬರೆಯುವಂತಿಲ್ಲ, ಕುದುರೆ ಏರುವಂತಿಲ್ಲ, ಹಚ್ಚಿದ ದೀಪ ಆರಿಸುವಂತಿಲ್ಲ.

"ಯಾಕೆ ಹಚ್ಚಿದೆ?"

"ಸೂರ್ಯ ನಿಮ್ಮ ಪದಕ್ಕೆ ಕಾಯ್ತಾನಾ?" ಅವಳು ಅಂಗಳದ ಕಡೆ ಕೈತೋರಿದಳು. "ಪ್ರಾಣಕ್ಕೆ ಬಂದಾಗ ಸಬ್ಬತ್ ಮುರೀಬಹುದು ಅಂತ ನಮ್ಮ ಜನಕ್ಕೆ ಊರೂರಿಗೆ ಧರ್ಮದ ತೀರ್ಪು ಕೊಟ್ಟೋರು ನೀವೇ. ಏಳಿ, ಈಗ್ಲೂ ಹೊರಡೋಣ."

ಕೊಟ್ಟಿದ್ದ. ಬೇರೆಯವರ ಪ್ರಾಣಕ್ಕೆ. ಈಗ ತಾನೇ ಕುದುರೆ ಏರಿದರೆ ಇದ್ದೀರ್ ಹೇಳಿದ ಅಪಾಯವೆಲ್ಲ ನಿಜವೆಂದು ಒಪ್ಪಿಕೊಂಡಂತಾಗುತ್ತದೆ.

"ನಮ್ಮ ಜನ ಪ್ರಾರ್ಥನೆಗೆ ಹೊರಟಿರ್ತಾರೆ. ನಾನು ಕುದುರೆ ಏರಿದ್ದು ನೋಡಿದ್ರೆ ಹೆದರ್ತಾರೆ."

"ಹೆದರ್ಲಿ ಬಿಡಿ. ಹೆದರಿದ್ರೆ ಬದುಕ್ತಾರೆ."

"ನಾಳೆ ಸಂಜೆ ಹೋಗೋಣ," ಎಂದ.

ಜಮೀಲಾ ಅವನನ್ನೇ ನೋಡಿದಳು. ಆಮೇಲೆ ಒಂದೊಂದೇ ಕದ ಮುಚ್ಚುತ್ತಾ ಒಳಮನೆಗೆ ಹೋದಳು.

ಬೆಟ್ಟದ ಮೇಲೆ ಎಲ್ಲಕ್ಕಿಂತ ಎತ್ತರದಲ್ಲಿದ್ದುದು ಅವನದೇ ಮನೆ. ಕೆಳಗೆ ಪಂಜುಗಳ ಸಾಲೊಂದು ಮೇಲಕ್ಕೇರುತ್ತಿತ್ತು. ದಾರಿ ಕವಲೊಡೆಯುವಲ್ಲಿ ಅದು ನಿಂತಿತು. ಯಾರೋ ಕೈಯೆತ್ತಿ ಈ ಕಿಟಕಿಯನ್ನು ತೋರಿಸಿದ ಹಾಗಾಯಿತು. ಶೆಫತ್ಯ ದೀಪದ ಹತ್ತಿರ ಬಂದ. ಒಂದು ಸಲ ಊದಿದರೆ ಸಾಕಿತ್ತು, ಮನೆ ಕತ್ತಲಲ್ಲಿ ಮರೆಯಾಗುತ್ತಿತ್ತು. ಮುಖ ಬಗ್ಗಿಸಿದ. ಕುಡಿ ಅವನ ಕಡೆಗೊಮ್ಮೆ ಬಳುಕಿತು.

ಎಲ್ಲಿ ಆರಿಹೋಗುತ್ತದೋ ಎಂದು ಅವನು ಉಸಿರು ಬಿಗಿಹಿಡಿದು ನಿಂತ.