ಹೆದರಿಕೆಗೆ ಬಣ್ಣ ಬಳಿಯುವವಳು

ಈ ಚಿತ್ರಗಾರ್ತಿಯಂಥ ಪುಕ್ಕಲಿ ದೀಪ ಹಿಡಿದು ಹುಡುಕಿದರೂ ಸಿಗಲಿಕ್ಕಿಲ್ಲ. ಲಿಫ್ಟ್ ಕಂಡರೆ ಹೆದರಿಕೆ, ಗ್ಯಾಸ್ ಹಚ್ಚಲು ಹೆದರಿಕೆ, ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ಎದೆ ಝಲ್ಲೆನ್ನುವುದು. ಆದರೆ ಅವಳ ಅನ್ನವೂ ಆ ಹೆದರಿಕೆಯದ್ದೇ. ಯಾವುದು ಹೆದರಿಸುತ್ತದೋ ಅದನ್ನು ಮೊದಲು ಕ್ಯಾನ್ವಾಸಿನ ಮೇಲೆ ಇದ್ದಿಲಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆಯುವಳು. ಆಮೇಲೆ ಅಗಲದ ಚಾಕುವಿನಿಂದ ಪದರದ ಮೇಲೆ ಪದರ ಬಣ್ಣ ಮೆತ್ತಿ, ಒಂದು ಗೆರೆಯೂ ಕಾಣದಂತೆ ಮುಚ್ಚಿಬಿಡುವಳು. ಹೊತ್ತು ಮುಳುಗುವುದರೊಳಗೆ ಮುಚ್ಚಿದರೆ ಅದು ನಿಜವಾಗುವುದಿಲ್ಲ ಎಂದು ಅವಳ ನಂಬಿಕೆ. ಮುಚ್ಚಿದ ಚಿತ್ರವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದಳೆಂದರೆ ಮುಗಿಯಿತು, ಮತ್ತೆ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅದನ್ನು ಪ್ರದರ್ಶನಕ್ಕೊಯ್ದು ಮಾರುವುದು ಜೊತೆಗಿದ್ದ ತಂಗಿಯ ಕೆಲಸ.

ಮಗಳು ಚಿಕ್ಕವಳಿದ್ದಾಗ ಕೋಟಿನ ಬಟನ್ ನುಂಗಿದ್ದಳು. ತಂಗಿ ಮಗುವನ್ನೆತ್ತಿಕೊಂಡು ಡಾಕ್ಟರ ಹತ್ತಿರ ಓಡಿದರೆ, ಇವಳು ಬಾಗಿಲು ಹಾಕಿಕೊಂಡು ಬಟನ್ ಬರೆದು ಕಪ್ಪು ಮೆತ್ತಿದಳು. ಮರುದಿನ ಬಟನ್ ಬರಬೇಕಾದ ದಾರಿಯಲ್ಲೇ ಬಂತು. ಆ ಚಿತ್ರದ ಮುಂದೆ ನಿಂತ ಬಲ್ಲವರು "ಆಹಾ, ವಿಶ್ವದ ಶೂನ್ಯ!" ಎಂದು ತಲೆದೂಗಿದರು. ಮನೆಯಲ್ಲಿ ನಕ್ಕೂ ನಕ್ಕೂ ಸಾಕಾಯಿತು. ಮಗಳಿಗೆ ಬಟನ್ ಎಂದೇ ಹೆಸರು ನಿಂತಿತು.

ಬಟನ್ ಈಗ ಕನ್ನಡಕದ ಅಂಗಡಿಯಲ್ಲಿ ದುಡಿಯುವ ಹುಡುಗಿ. ಅವಳ ಕತ್ತಿನಲ್ಲೊಂದು ಗಂಟು ಎದ್ದಿತ್ತು. ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದ್ದರು. ಇವತ್ತು ಏನೆಂದು ಹೇಳುತ್ತಾರೆ.

"ಅಕ್ಕಾ, ನೀನೂ ಬಾರೇ. ಅವಳು ಬಾಯಿಬಿಟ್ಟು ಕೇಳಲ್ಲ, ಆದ್ರೆ ನಿನ್ನ ಮುಖಾನೇ ನೋಡ್ತಾ ಇದಾಳೆ," ಎಂದಳು ತಂಗಿ.

"ನಂಗೆ ಇಲ್ಲೇ ಕೆಲಸ ಇದೆ. ಅದೂ ಅವಳಿಗೋಸ್ಕರಾನೇ."

ಬಟನ್ ಚಪ್ಪಲಿ ಮೆಟ್ಟಿಕೊಂಡು ಚಿಕ್ಕಮ್ಮನ ಹಿಂದೆ ಹೋದಳು.

ಬರೀ ಗಂಟು ಬರೆದು ಮುಚ್ಚಿಬಿಡೋಣ ಎಂದುಕೊಂಡಳು ಚಿತ್ರಗಾರ್ತಿ. ಗಂಟಿಗೊಂದು ಕತ್ತು ಬೇಡವೇ? ಕತ್ತು ಬಂತು. ಕತ್ತಿಗೆ ದವಡೆ, ದವಡೆಗೆ ಕಿವಿ. ನೋಡುನೋಡುತ್ತ ಮಗಳು ಇಡಿಯಾಗಿ ಬಂದು ಕೂತಳು, ಹುಬ್ಬಿನ ಗಾಯದ ಕಲೆಯ ಸಮೇತ. ಬಿಳಿ ಕಲಸಿ, ಚಾಕುವಿನ ತುಂಬ ತೆಗೆದು ಹಣೆಯ ಹತ್ತಿರ ಒಯ್ದಳು. ಕೈ ಅಲ್ಲೇ ನಿಂತಿತು. ಸತ್ತವರ ಮುಖದ ಮೇಲೆ ಬಟ್ಟೆ ಎಳೆಯುವುದೂ ಹೀಗೇ ತಾನೆ?

ಅಯ್ಯೋ, ಮುಚ್ಚಿದರೆ ಮಗಳನ್ನು ಕೈಯಾರೆ ಕಳಿಸಿಕೊಟ್ಟ ಹಾಗೆ. ಬಿಟ್ಟರೆ ಆ ಗಂಟಿನ ಭಯ ನಿಜವಾಗಿಬಿಡುತ್ತದೆ. ಅತ್ತ ದರಿ, ಇತ್ತ ಪುಲಿ! ನೀಲಿ ಕಲಸಿದಳು, ಹಳದಿ ಕಲಸಿದಳು. ಯಾವುದನ್ನೂ ಹಚ್ಚದೆ ಚಾಕು ಒರೆಸಿಟ್ಟಳು. ಕಿಟಕಿಯ ಬಿಸಿಲು ಗೋಡೆಯಿಂದ ಗೋಡೆಗೆ ಸರಿಯಿತು.

ಬಾಗಿಲು ತೆರೆಯಿತು. ಅರಳು ಹುರಿದಂತೆ ಮಾತಾಡುವ ತಂಗಿ ಒಂದೂ ಮಾತಿಲ್ಲದೆ ಬಂದು ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಅದೇ ಅಂತಮ್ಮಾ," ಎಂದಳು ಬಟನ್. "ಕ್ಯಾನ್ಸರ್. ಬೇಗ ಗೊತ್ತಾಯ್ತಲ್ಲ, ತೆಗೀಬಹುದು ಅಂದ್ರು. ನಾಳೆ ಅಡ್ಮಿಟ್ ಆಗ್ಬೇಕು."

"ತಡ ಮಾಡಿಬಿಟ್ಟೆ! ಪಾಪಿ ನಾನು, ತಡ ಮಾಡಿಬಿಟ್ಟೆ!" ಚಿತ್ರಗಾರ್ತಿ ಬಣ್ಣದ ಚಾಕು ಎತ್ತಿ ಚಿತ್ರದ ಮೇಲೆ ಬಿದ್ದಳು. ಬಟನ್ ಅವಳ ಮಣಿಕಟ್ಟು ಹಿಡಿದಳು. ಆಗಲೇ ಮಗಳ ಕಣ್ಣಿಗೆ ಚಿತ್ರ ಬಿದ್ದದ್ದು.

"ನಾನಾ ಇದು? ನನ್ನ ಚಿತ್ರ ಬರಿ ಅಂತ ಎಷ್ಟು ಗೋಗರೆದಿದ್ದೆ…"

"ಬಿಡೇ ಕೈ! ಇನ್ನೂ ಬೆಳಕಿದೆ, ಮುಚ್ಚಿಬಿಡ್ತೀನಿ."

"ಬೇಡ. ನೀನು ಮುಚ್ಚಿದ್ದನ್ನ ಯಾವತ್ತಾದ್ರೂ ತಿರುಗಿ ನೋಡಿದೀಯಾ? ನಂಗೂ ಭಯ ಆಗ್ತಿದೆ ಅಮ್ಮಾ. ನನ್ನ ನೋಡು."

ನೋಡಿದಳು. ಗಂಟು ಎದ್ದಾಗಿನಿಂದ ಮೊದಲ ಸಲ, ಕಣ್ಣು ತಪ್ಪಿಸದೆ ನೋಡಿದಳು. ಕ್ಯಾನ್ವಾಸಿನ ಮೇಲೆ ನಿಂಬೆಹಣ್ಣಿನಷ್ಟು ಬರೆದಿದ್ದಳು. ಮಗಳ ಕತ್ತಿನಲ್ಲಿದ್ದದ್ದು ಹುಣಸೆ ಬೀಜದಷ್ಟು.

"ನಾಳೆ ನಾನೂ ಬರ್ತೀನಿ," ಎಂದಳು.

"ಆರನೇ ಮಹಡಿ. ಲಿಫ್ಟಲ್ಲಿ ಹೋಗ್ಬೇಕು."

ಚಿತ್ರಗಾರ್ತಿ ಚಾಕು ಕೆಳಗಿಟ್ಟು ಮಗಳ ಕೈ ಹಿಡಿದಳು. "ನನ್ನ ಕೈ ಬಿಡಬೇಡ ಮತ್ತೆ," ಎಂದಳು. ಹೊರಗೆ ಹೊತ್ತು ಮುಳುಗುತ್ತಿತ್ತು. ಅವಳು ಮಗಳ ಕತ್ತಿನಿಂದ ಕಣ್ಣು ಕೀಳಲಿಲ್ಲ.