ಗೇಟಿನ ಕಾರ್ಡಿನ ಮುಖ

"ನೀನು ಒಳಗೆ ಬಂದ್ರೆ ಮಗು ಹೊರಗೇ ಉಳಿಯುತ್ತೆ. ಇಲ್ಲೇ ಕೂತಿರು. ಯಾರಾದ್ರೂ ಮಾತಾಡಿಸಿದ್ರೆ ಕೆಮ್ಮು, ಬಾಯಿ ಮಾತ್ರ ಬಿಡಬೇಡ."

ಹೆಂಡತಿಯ ಅಣ್ಣ ಇದನ್ನು ಕಿವಿಯಲ್ಲಿ ಹೇಳಬಹುದಿತ್ತು. ಆದರೆ ಬ್ಯಾಂಕಿನಲ್ಲಿ ಕೈಕೆಳಗಿನವರ ಮೇಲೆ ಗಂಟಲು ಮಾಡಿ ಮಾಡಿ ರೂಢಿಯಾದ ಮನುಷ್ಯ. ಶಾಲೆಯ ಹಾಲಿನಲ್ಲಿ ಕಾದು ಕೂತಿದ್ದ ಅಪ್ಪ ಅಮ್ಮಂದಿರಿಗೆಲ್ಲ ಕೇಳುವ ಹಾಗೆಯೇ ಹೇಳಿದ. ಇಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಒಬ್ಬಾಕೆ ಪಕ್ಕದಲ್ಲಿದ್ದ ತನ್ನ ಬ್ಯಾಗನ್ನು ಮೆಲ್ಲಗೆ ತೊಡೆಯ ಮೇಲೆ ಎತ್ತಿಟ್ಟುಕೊಂಡಳು.

ಹೇಳಿಸಿಕೊಂಡವನನ್ನು ಬೀದಿಯಲ್ಲಿ ಎಲ್ಲರೂ ಕುಶನ್ ಅಂತಲೇ ಕರೆಯುತ್ತಿದ್ದರು. ಹಳೆಯ ಸೋಫಾಗಳ ಹೊಟ್ಟೆ ಬಗೆದು, ಕೊಳೆತ ಸ್ಪಂಜು ಕಿತ್ತು, ಹೊಸ ರೆಕ್ಸಿನ್ ಬಿಗಿದು ಮೊಳೆ ಹೊಡೆಯುವುದು ಅವನ ಕಸುಬು. ಏಳನೇ ಕ್ಲಾಸಿಗೆ ಶಾಲೆಗೆ ಕೈಮುಗಿದವನು. ಎಷ್ಟು ತಿಕ್ಕಿದರೂ ಬೆರಳ ಸಂದಿಯಲ್ಲಿ ಅಂಟಿನ ಕಲೆ ಹೋಗುತ್ತಿರಲಿಲ್ಲ.

ಮಗಳ ಸೀಟಿಗಾಗಿ ಅವರು ಮೆಟ್ಟಿಲು ಹತ್ತಿದ ಎರಡನೇ ಶಾಲೆ ಇದು. ಮೊದಲನೆಯದರಲ್ಲಿ ಕುಶನ್ ತಾನೇ ಒಳಗೆ ಹೋಗಿದ್ದ. ನಿಮ್ಮ ಬಗ್ಗೆ ನಾಲ್ಕು ಮಾತು ಹೇಳಿ ಎಂದಾಗ, ಸೋಫಾ ಹೊಲೀತೀನಿ ಮೇಡಂ ಎಂದಿದ್ದ. ಮಿಕ್ಕ ಮೂರು ಮಾತು ಅವನಿಗೆ ಹೊಳೆಯಲಿಲ್ಲ. ಮೇಡಂ ಹಲ್ಲು ಕಾಣದ ಹಾಗೆ ನಕ್ಕು, ತಿಳಿಸುತ್ತೇವೆ ಎಂದಿದ್ದಳು. ತಿಳಿಸಲೇ ಇಲ್ಲ. ಹೆಂಡತಿ ಜಗಳವಾಡಿದ್ದರೆ ಅವನು ಸಹಿಸುತ್ತಿದ್ದನೇನೋ. ಅವಳು ಮಾತೇ ಬಿಟ್ಟಳು, ತಟ್ಟೆಯನ್ನು ಮಾತ್ರ ಸ್ವಲ್ಪ ಜೋರಾಗಿ ಇಡತೊಡಗಿದಳು.

ಆಗ ಅವಳ ಅಣ್ಣ ಉಪಾಯ ಹೂಡಿದ. ಕಾಗದದಲ್ಲೆಲ್ಲ ಕುಶನ್‌ನ ಹೆಸರೇ ಇರಲಿ, ಆ ಹೆಸರು ಹೊತ್ತು ಈ ಶಾಲೆಯ ಮೇಡಂ ಎದುರು ಕೂರುವುದು ತಾನು. ಸೋಫಾ ರಿಪೇರಿ ಎಂದು ಬರೆಯುವಲ್ಲಿ ಗೃಹಾಲಂಕಾರ ಉದ್ಯಮ ಎಂದು ಬರೆದರಾಯಿತು. ಒಂದೇ ಗಂಟೆಯ ಆಟ, ಆಮೇಲೆ ಮಗು ನಿಂದೇ ಎಂದು ಬೇರೆ ಹೇಳಿದ್ದ, ದಾನ ಕೊಡುವವನ ಧಾಟಿಯಲ್ಲಿ.

ಮಗಳಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಗುಂಡಗೆ ಇದ್ದಳೆಂದು ಬಟಾಣಿ ಎನ್ನುತ್ತಿದ್ದರು. ಸಂಜೆಯಾದರೆ ಮನೆಯ ಮುಂದಿನ ಕೋಣೆಯಲ್ಲಿ, ರಿಪೇರಿಗೆ ಬಂದ ಬೋಳು ಸೋಫಾಗಳ ನಡುವೆ, ಅಭ್ಯಾಸ. ಹೆಂಡತಿ ಕನ್ನಡಕ ಹಾಕಿ ಮೇಡಂ ಆಗುತ್ತಿದ್ದಳು. ಪಪ್ಪಾ ಎಲ್ಲಿ ಎಂದು ಕೇಳಿದರೆ ಬಟಾಣಿ ಮಾಮನ ಕಡೆ ಬೆರಳು ತೋರಿಸಬೇಕು. ಮೊದಮೊದಲು ಅವಳು ನೇರ ಓಡಿ ಬಂದು ಕುಶನ್‌ನ ಕಾಲು ತಬ್ಬುತ್ತಿದ್ದಳು. ಎಲ್ಲರೂ ತಲೆ ಚಚ್ಚಿಕೊಳ್ಳುತ್ತಿದ್ದರು. ಕೊನೆಗೆ ದಾರಿಗೆ ತಂದವನು ಕುಶನ್ನೇ. ಮಾಮನ ಕಡೆ ಬೆರಳು ಹೋದಾಗಲೆಲ್ಲ ಅವಳ ಬಾಯಿಗೆ ಕ್ರೀಮ್ ಬಿಸ್ಕತ್ತು ಇಡುತ್ತಿದ್ದ. ಅವಳು ಬಲು ಬೇಗ ಕಲಿತಳು. ಅವನಿಗೆ ಹೆಮ್ಮೆಯೂ ಆಗಿತ್ತು. ಅಂಥ ಪೆದ್ದ.

ಈಗ ಹಾಲಿನಲ್ಲಿ ಕೂತು ಸುತ್ತ ನೋಡಿದರೆ ಅವನಿಗೆ ಉಗಿಯುವ ಹಾಗಾಗುತ್ತಿತ್ತು. ಟೈ ಬಿಗಿದುಕೊಂಡ ಒಬ್ಬ, ಕಿಟಕಿಯಾಚೆ ಕಾಗೆ ಕಂಡು ಚಪ್ಪಾಳೆ ತಟ್ಟಿದ ಮಗನ ತೊಡೆ ಚಿವುಟಿ, ಅದನ್ನು ಇಂಗ್ಲಿಷಿನಲ್ಲಿ ಹೇಳು ಎಂದು ಗದರುತ್ತಿದ್ದ. ಇನ್ನೊಬ್ಬಾಕೆ ಮೂಗು ಸೋರುವ ಮಗಳ ಹವ್ಯಾಸಗಳೇನು ಎಂದು ಗಂಡನಿಗೆ ಬಾಯಿಪಾಠ ಮಾಡಿಸುತ್ತಿದ್ದಳು. ಮನೆಯಲ್ಲಿ ಹುಲಿಗಳಂತಿರುವ ಈ ಜನ, ಶಾಲೆಯ ಆಯಾ ಬಂದು ಬಾಗಿಲು ತೆರೆದರೂ ಎದ್ದು ನಿಂತು ಹಲ್ಲು ಕಿರಿಯುತ್ತಿದ್ದರು. ಥೂ, ಇವರ ಓದಿಗಿಷ್ಟು ಎಂದುಕೊಂಡ. ಮರುಗಳಿಗೆಯೇ ತಾನು ಕೂತಿರುವುದೂ ಅದೇ ಬೆಂಚಿನ ಮೇಲೆ ಎಂಬುದು ನೆನಪಾಗಿ ಇನ್ನಷ್ಟು ಉರಿಯಿತು.

ಗಾಜಿನ ಬಾಗಿಲ ಆಚೆ ಎಲ್ಲ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಅಣ್ಣ ಕಾಲ ಮೇಲೆ ಕಾಲು ಹಾಕಿಕೊಂಡು ನಗುತ್ತಿದ್ದ. ಹೆಂಡತಿ ಸೆರಗಿನ ತುದಿ ಹಿಂಡುತ್ತಿದ್ದಳು. ಮೇಡಂ ಬಗ್ಗಿ ಏನೋ ಕೇಳಿದಳು. ಬಟಾಣಿಯ ಬೆರಳು ತಡವರಿಸದೆ ಮಾಮನ ಕಡೆ ಹೋಯಿತು. ಕುಶನ್ ಗೋಡೆಯ ಕಡೆ ತಿರುಗಿ ಕೂತ.

ಹೊರಗೆ ಬಂದಾಗ ಹೆಂಡತಿಯ ಮುಖ ಎಷ್ಟೋ ದಿನಗಳ ಮೇಲೆ ಅರಳಿತ್ತು. ಸೀಟು ಸಿಕ್ಕಿತು ಎಂದಳು. ಅಣ್ಣನ ಕೊರಳಲ್ಲಿ ಹೊಸದೊಂದು ಕಾರ್ಡು ನೇತಾಡುತ್ತಿತ್ತು. ಅಲ್ಲೇ ಫೋಟೊ ತೆಗೆದು, ಅಲ್ಲೇ ಅಚ್ಚು ಹಾಕಿ ಕೊಟ್ಟಿದ್ದರು. ಕೆಳಗೆ ಕುಶನ್‌ನ ಹೆಸರು, ಮೇಲೆ ಅಣ್ಣನ ಮುಖ.

"ಇದೇನು ಭಾವ?"

"ಗೇಟಿನ ಕಾರ್ಡು. ಅಮ್ಮನಿಗೊಂದು, ಅಪ್ಪನಿಗೊಂದು. ಇದರಲ್ಲಿರೋ ಮುಖಕ್ಕೆ ಮಾತ್ರ ಮಗೂನ ಕೊಡ್ತಾರೆ. ತಿಂಗಳ ನಾಲ್ಕನೇ ಶನಿವಾರ ಅಪ್ಪಂದಿರು ಕ್ಲಾಸಲ್ಲಿ ಮಕ್ಕಳ ಜೊತೆ ಕೂರಬೇಕಂತೆ, ನಂಗೆ ಹೇಗೂ ರಜ." ಅವನು ಕುಶನ್‌ನ ಬೆನ್ನು ತಟ್ಟಿದ. "ಹತ್ತನೇ ಕ್ಲಾಸಿನ ತನಕ ನೀನು ಈ ಕಡೆ ಸುಳೀದೆ ಇದ್ರೆ ಸಾಕು. ಅಷ್ಟೂ ಆಗಲ್ವಾ ಮಗಳಿಗೋಸ್ಕರ?"

ಕುಶನ್ ಹೆಂಡತಿಯನ್ನು ನೋಡಿದ. ಒಂದು ಗಂಟೆಯ ಆಟ ಎಂದಿದ್ದರಲ್ಲ, ಎಂದು ಮೆಲ್ಲಗೆ ಕೇಳಿದ. ಕರ್ಕೊಂಡು ಬರೋಕೆ ನಾನಿದ್ದೀನಲ್ರೀ, ಈಗ ಇಲ್ಲಿ ರಂಪ ಮಾಡಬೇಡಿ ಎಂದು ಅವಳು ಬೇಡಿಕೊಂಡಳು. ಅವಳ ಕಣ್ಣು ಗಾಜಿನ ಬಾಗಿಲ ಮೇಲೇ ಇತ್ತು.

ಬಟಾಣಿಗೆ ಇದೊಂದೂ ಬೇಕಿರಲಿಲ್ಲ. ಕಾಲು ನೋಯುತ್ತಿದೆ, ಎತ್ತಿಕೋ ಎಂದು ಅಪ್ಪನ ಪ್ಯಾಂಟು ಜಗ್ಗುತ್ತಿದ್ದಳು. ಅವನು ಎತ್ತಿಕೊಂಡ. ಅವಳು ಅವನ ಕತ್ತಿನಲ್ಲಿ ಮುಖ ಹುದುಗಿಸಿ ಹೆಬ್ಬೆರಳು ಚೀಪತೊಡಗಿದಳು. ಅಷ್ಟರಲ್ಲಿ ಮೇಡಂ ಮುಂದಿನವರನ್ನು ಕರೆಯಲು ಬಾಗಿಲಿಗೆ ಬಂದವಳು ಇದನ್ನು ಕಂಡು ನಿಂತಳು. ಇವರು ಯಾರು ಎಂದು ಅಣ್ಣನನ್ನು ಕೇಳಿದಳು.

"ನಮ್ಮ ಸೋಫಾ ರಿಪೇರಿಯವನು ಮೇಡಂ. ಮನೇಲೇ ಬಿದ್ದಿರ್ತಾನೆ, ಮಗು ಹಚ್ಕೊಂಡುಬಿಟ್ಟಿದೆ."

ಅಣ್ಣ ನಕ್ಕ. ಬೆಂಚಿನವರೂ ನಕ್ಕರು. ಹೆಂಡತಿ ನಗಲಿಲ್ಲ, ಅಲ್ಲ ಎನ್ನಲೂ ಇಲ್ಲ. ಮೇಡಂ ಕುಶನ್‌ನ ಕಡೆ ತಿರುಗಿ, ಸಣ್ಣ ಮಕ್ಕಳನ್ನು ಮಾತಾಡಿಸುವ ಅದೇ ಜೇನು ಸುರಿಸುವ ದನಿಯಲ್ಲಿ ಕೇಳಿದಳು:

"ಹೌದೇನಪ್ಪಾ?"

ಹೌದು ಎಂದರೆ ಮಗಳು ಹೋದಳು, ಅಲ್ಲ ಎಂದರೆ ಸೀಟು ಹೋಯಿತು. ಬೆಂಚಿನ ಮೇಲಿನವರೆಲ್ಲ ಕತ್ತು ಉದ್ದ ಮಾಡಿ ಅವನ ಬಾಯಿಯನ್ನೇ ನೋಡುತ್ತಿದ್ದರು. ಈ ಮುಖಗಳಿಗೆ ತನ್ನ ಮಗಳಿಗೆ ತಾನು ಏನಾಗಬೇಕು ಎಂದು ಹೇಳಬೇಕೆ? ಅವನಿಗೆ ಎಂಜಲು ಖರ್ಚು ಮಾಡುವಷ್ಟೂ ಮನಸ್ಸಾಗಲಿಲ್ಲ.

ಮಗಳನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಅವನು ಹೊರಟ. ಟೈ ಕಟ್ಟಿದವನು ಕಾಲು ಎಳೆದುಕೊಂಡು ದಾರಿ ಬಿಟ್ಟ. ಲೇ, ಲೇ, ಎಲ್ಲಿಗೆ ಎಂದು ಅಣ್ಣ ಹಿಂದಿನಿಂದ ಕೂಗಿದ್ದು ಕೇಳಿಸಿತು. ಅಂಗಳದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಬಟಾಣಿಯ ತಲೆಯ ಮೇಲೆ ಅಂಗೈ ಮುಚ್ಚಿಕೊಂಡು, ಹಿಂದೆ ಯಾರು ಬರುತ್ತಿದ್ದಾರೆಂದು ನೋಡದೆ, ಕುಶನ್ ಗೇಟು ದಾಟಿ ನಡೆದ.